ಲಕ್ಷ ಕಿಲೋಮೀಟರ್ ದಾಟಿದ ಸ್ಪೋರ್ಟ್ಸ್ ಕಾರು: ಬೆಂಗಳೂರಿನಲ್ಲಿ ಲಕ್ಷಣ ನೋಡಿ ದೋಷ ಹಿಡಿಯುವುದು ಹೇಗೆ?

ಓಡೋಮೀಟರ್ ಒಂದು ಲಕ್ಷ ದಾಟಿದ ಕೂಡಲೇ ಕಾರು ಮಾರಿಬಿಡಬೇಕು ಎನ್ನುವವರು ಜಾಸ್ತಿ. ಆ ಸಂಖ್ಯೆಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಲೆಕ್ಕ ಹಾಕಿ ನೋಡಿ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ ಲಕ್ಷ ಕಿ.ಮೀ. ಓಡಿದ ಎಂಜಿನ್ ಸುಮಾರು 1,670 ಗಂಟೆ ದುಡಿದಿರುತ್ತದೆ. ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಟಿನ್ ಫ್ಯಾಕ್ಟರಿ ಅಂತ 20ರ ಸರಾಸರಿಯಲ್ಲಿ ಅಷ್ಟೇ ದೂರ ತೆವಳಿದ ಎಂಜಿನ್ 5,000 ಗಂಟೆ ದುಡಿದಿರುತ್ತದೆ. ಮೀಟರ್ ಎರಡಕ್ಕೂ ಒಂದೇ ಸಂಖ್ಯೆ ತೋರಿಸುತ್ತದೆ. ಅದಕ್ಕೇ ಹಳೆಯ ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್, ಆಡಿ ಟಿಟಿ, ಬಿಎಂಡಬ್ಲ್ಯೂ ಝಡ್4, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಇಟ್ಟುಕೊಂಡವರು ಕಾರು ಕೊಡುವ ಸೂಚನೆಗಳನ್ನು ಓದಲು ಕಲಿಯಬೇಕು.

ಬೇಕಾಗುವ ಸಾಮಾನು ಕಡಿಮೆ. ಒಳ್ಳೆಯ ಟಾರ್ಚ್, ಮಲ್ಟಿಮೀಟರ್, ಟೈರ್ ಪ್ರೆಶರ್ ಗೇಜ್, ಕಾರಿನ ಕಂಪ್ಯೂಟರ್ ಏನು ಹೇಳುತ್ತಿದೆ ಎಂದು ಓದಲು ಮೊಬೈಲಿಗೆ ಜೋಡಿಸುವ ಒಬಿಡಿ ಸ್ಕ್ಯಾನರ್. ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ.

ಕೈ ಹಾಕುವ ಮೊದಲು ನಾಲ್ಕು ಮಾತು. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಎಂದೂ ಹೋಗಬೇಡಿ, ಕಾರಿನ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್ ಇರಲೇಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿಟ್ಟು ಕೆಲಸ ಮಾಡಬೇಡಿ. ಸೈಲೆನ್ಸರ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ. ಎಂಜಿನ್ ಬಿಸಿ ಇದ್ದಾಗ ಕೂಲಂಟ್ (ಎಂಜಿನ್ ತಣಿಸುವ ದ್ರವ) ಮುಚ್ಚಳ ಮುಟ್ಟಬೇಡಿ. ರೇಡಿಯೇಟರ್ ಫ್ಯಾನ್ ಎಂಜಿನ್ ಆರಿಸಿದ ಮೇಲೂ ತಾನಾಗಿ ತಿರುಗಬಹುದು, ಬೆರಳು ದೂರ ಇರಲಿ.

ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ

ಮೊದಲ ಪ್ರಶ್ನೆ: ಯಾವಾಗ ಏರುತ್ತದೆ? ಹೆಬ್ಬಾಳದಲ್ಲಿ ನಿಂತಾಗ ಏರಿ, ಏರ್‌ಪೋರ್ಟ್ ರಸ್ತೆಯಲ್ಲಿ ವೇಗ ಸಿಕ್ಕ ಕೂಡಲೇ ಇಳಿದರೆ ರೇಡಿಯೇಟರ್‌ಗೆ ಗಾಳಿ ಸಾಲುತ್ತಿಲ್ಲ, ಅಂದರೆ ಫ್ಯಾನ್ ಅಥವಾ ಕಸದ ಸಮಸ್ಯೆ. ಟ್ರಾಫಿಕ್‌ನಲ್ಲಿ ಸುಮ್ನಿದ್ದು ನೈಸ್ ರಸ್ತೆಯಲ್ಲಿ ವೇಗವಾಗಿ ಹೋದಾಗ ಏರಿದರೆ ಕೂಲಂಟ್ ಸರಿಯಾಗಿ ಹರಿಯುತ್ತಿಲ್ಲ. ಆಗ ಥರ್ಮೋಸ್ಟಾಟ್, ವಾಟರ್ ಪಂಪ್, ಒಳಗೆ ಕಟ್ಟಿಕೊಂಡ ರೇಡಿಯೇಟರ್ ಕಡೆ ನೋಡಬೇಕು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

ಇನ್ನೊಂದು ವಿಷಯ. ಹೆಚ್ಚಿನ ಕಾರುಗಳಲ್ಲಿ ಮುಳ್ಳು ನಿಜ ಹೇಳುವುದಿಲ್ಲ. ಒಳಗಿನ ಬಿಸಿ ಎಷ್ಟೋ ಡಿಗ್ರಿ ಆಚೀಚೆ ಆದರೂ ನಡುವಿನಲ್ಲೇ ನಿಲ್ಲುವಂತೆ ಅದನ್ನು ಹೊಂದಿಸಿರುತ್ತಾರೆ. ಅದು ಅಲುಗಾಡುವ ಹೊತ್ತಿಗೆ ತಡವಾಗಿರುತ್ತದೆ. ಸ್ಕ್ಯಾನರ್ ಜೋಡಿಸಿ ಕೂಲಂಟಿನ ನಿಜವಾದ ಡಿಗ್ರಿ ನೋಡಿ. ಎಲ್ಲ ಸರಿ ಇದ್ದ ದಿನವೇ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಆಗುತ್ತದೆ.

ಪರೀಕ್ಷೆ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಶುರುವಾಗಲಿ. ಕೂಲಂಟ್ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ? ಪೈಪಿನ ಸಂದುಗಳಲ್ಲಿ ಬಿಳಿ ಅಥವಾ ಗುಲಾಬಿ ಪುಡಿ ಕಟ್ಟಿದ್ದರೆ ಅಲ್ಲಿ ಸೋರಿ ಒಣಗಿದೆ ಎಂದರ್ಥ. ಪ್ಲಾಸ್ಟಿಕ್ ಟ್ಯಾಂಕ್ ಹಳದಿಯಾಗಿದ್ದರೆ ಅಂಚುಗಳಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಹಳೆಯ ಪೋರ್ಷೆಗಳಲ್ಲಿ ಈ ಟ್ಯಾಂಕ್ ಬಿರುಕು ಬಿಡುವುದು ತೀರಾ ಸಾಮಾನ್ಯ. ಕೂಲಂಟ್ ಕಡಿಮೆ ಇದ್ದರೆ ಬೋರ್‌ವೆಲ್ ನೀರು ಸುರಿಯಬೇಡಿ. ನಮ್ಮ ಗಡಸು ನೀರು ಕೆಟಲ್ ತಳದಲ್ಲಿ ಬಿಡುವ ಬಿಳಿ ಪದರವನ್ನೇ ರೇಡಿಯೇಟರ್ ಒಳಗೂ ಬಿಡುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕಂಪನಿ ಹೇಳಿದ, ನೀರು ಬೆರೆಸದ ಕೂಲಂಟ್ ಸಮಪಾಲು ಬೆರೆಸಿ. ಬಣ್ಣ ಒಂದೇ ಇದೆ ಅಂತ ಎರಡು ಬಗೆಯ ಕೂಲಂಟ್ ಸೇರಿಸಬೇಡಿ, ಬಣ್ಣ ಕೂಲಂಟಿನ ಬಗೆಯ ಗುರುತಲ್ಲ.

ಆಮೇಲೆ ಫ್ಯಾನ್. ಎಸಿ ಹಾಕಿ ಮುಂದೆ ನಿಂತು ಕೇಳಿ. ಎಲ್ಲ ಫ್ಯಾನೂ ತಿರುಗಬೇಕು. ಕೆಲವು ಕಾರುಗಳಲ್ಲಿ ಫ್ಯಾನ್‌ಗೆ ಎರಡು ವೇಗ. ಕಡಿಮೆ ವೇಗದ ರೆಸಿಸ್ಟರ್ ಸುಟ್ಟುಹೋದರೆ ಎಂಜಿನ್ ತೀರಾ ಬಿಸಿಯಾದ ಮೇಲಷ್ಟೇ ಫ್ಯಾನ್ ಜೋರಾಗಿ ತಿರುಗುತ್ತದೆ. ‘ಫ್ಯಾನ್ ಓಡ್ತಿದೆಯಲ್ಲ’ ಎಂದು ಮೆಕ್ಯಾನಿಕ್ ಬಿಟ್ಟುಬಿಡುವುದು ಇಲ್ಲೇ.

ಬೆಂಗಳೂರಿನಲ್ಲಿ ಕಸದ ಮಾತು ದೊಡ್ಡದು. ಬಾಕ್ಸ್‌ಸ್ಟರ್, ಕೇಮನ್, 911ರಲ್ಲಿ ಎಂಜಿನ್ ಹಿಂದೆ ಇದ್ದರೂ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿ ನೆಲಕ್ಕೆ ಹತ್ತಿರ ಇರುತ್ತವೆ. ಬೇಸಿಗೆಗೆ ಮುಂಚೆ ಟಬೆಬುಯಾ ಹೂವು ರಸ್ತೆ ತುಂಬ ಉದುರುತ್ತದೆ, ಹೊಂಗೆ ಎಲೆ ಉದುರುತ್ತದೆ, ಪ್ಲಾಸ್ಟಿಕ್ ಕವರ್ ವರ್ಷವಿಡೀ ಇದ್ದೇ ಇರುತ್ತದೆ. ಎಲ್ಲವೂ ಆ ಕಿಂಡಿಯೊಳಗೆ ಸೇರಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೂರುತ್ತದೆ. ಮಳೆ ಬಂದಾಗ ಒದ್ದೆಯಾಗಿ ಕೊಳೆತು ಅಲ್ಯೂಮಿನಿಯಂ ತಿನ್ನುತ್ತದೆ. ವರ್ಷಕ್ಕೊಮ್ಮೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ, ಬಂಪರ್ ಬಿಚ್ಚಿಸಿ ಬ್ರಷ್ ಮತ್ತು ಮೆಲ್ಲನೆಯ ನೀರಿನಲ್ಲಿ ತೊಳೆಸಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ, ಮುಚ್ಚಳವನ್ನೂ ಸೇರಿಸಿ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಕೂಲಂಟ್ ಬೇಗ ಕುದಿಯುವುದು ಅದಕ್ಕೇ.

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಆದರೂ ಕೂಲಂಟ್ ಕಡಿಮೆಯಾಗುತ್ತಿದೆ, ಆಯಿಲ್ ಮುಚ್ಚಳದಡಿ ಕೆನೆಯಂಥ ಜಿಡ್ಡು ಇದೆ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಅಥವಾ ಆಯಿಲ್ ಕೂಲರ್ ಅನುಮಾನ. ಬರೀ ಹತ್ತಿರದ ಓಡಾಟದಲ್ಲಿ ತೇವ ಸೇರಿಯೂ ಸ್ವಲ್ಪ ಕೆನೆ ಕಟ್ಟುವುದುಂಟು, ಹಾಗಾಗಿ ಅದೊಂದನ್ನೇ ನೋಡಿ ಎಂಜಿನ್ ಬಿಚ್ಚಿಸಬೇಡಿ. ಕೂಲಂಟಿನಲ್ಲಿ ಎಂಜಿನ್ ಹೊಗೆ ಬೆರೆತಿದೆಯೇ ಎಂದು ಬಣ್ಣ ಬದಲಿಸುವ ದ್ರವದಿಂದ ನೋಡುವ ಸುಲಭ ಪರೀಕ್ಷೆ ಇದೆ, ಮೊದಲು ಅದನ್ನು ಮಾಡಿಸಿ.

ರಸ್ತೆಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಎಸಿ ಆರಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ‘ಇನ್ನು ಎರಡೇ ಕಿಲೋಮೀಟರ್’ ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ.

ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಗಲಗಲ, ಆಮೇಲೆ ಟಿಕ್ ಟಿಕ್

ಮೊದಲು ಆಯಿಲ್ ಮಟ್ಟ ನೋಡಿ. ಇಷ್ಟು ಸಣ್ಣ ಕೆಲಸವನ್ನೇ ಜನ ಬಿಟ್ಟುಬಿಡುತ್ತಾರೆ. ಹಳೆಯ ಟರ್ಬೋ ಎಂಜಿನ್‌ಗಳು ಆಯಿಲ್ ಕುಡಿಯುತ್ತವೆ. ಎರಡು ವಾರಕ್ಕೊಮ್ಮೆ ನೋಡುವುದು ಅಭ್ಯಾಸವಾಗಲಿ. ಗ್ರೇಡ್ ಜತೆಗೆ ಕಂಪನಿಯ ಅಪ್ರೂವಲ್ ಸಂಖ್ಯೆಯನ್ನೂ ಡಬ್ಬದ ಹಿಂದೆ ಓದಿ: ಪೋರ್ಷೆಗೆ ಎ40, ಫೋಕ್ಸ್‌ವ್ಯಾಗನ್ ಬಳಗಕ್ಕೆ 502 00, ಹೀಗೆ. ನಿಮ್ಮ ಮಾಡೆಲ್‌ಗೆ ಯಾವುದು ಎಂದು ಮ್ಯಾನ್ಯುಯಲ್ ಹೇಳುತ್ತದೆ. ಟ್ರಾಫಿಕ್ ಓಡಾಟವೇ ಜಾಸ್ತಿ ಇದ್ದರೆ ಆಯಿಲ್ ಬದಲಿಸಲು 15,000 ಕಿ.ಮೀ. ಅಂತರ ನನ್ನ ಮಟ್ಟಿಗೆ ಒಪ್ಪಿಗೆ ಇಲ್ಲ. 7-8 ಸಾವಿರಕ್ಕೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಿಸಿ.

ಒಂದೆರಡು ಸೆಕೆಂಡ್ ಗಲಗಲ ಎಂದು ಸುಮ್ಮನಾದರೆ ಅದು ಆಯಿಲ್ ಮೇಲೇರುವ ತನಕದ ಸದ್ದು. ದಿನೇದಿನೇ ಉದ್ದವಾಗುತ್ತಿದ್ದರೆ ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ನೋಡುವ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್. ಫೋಕ್ಸ್‌ವ್ಯಾಗನ್-ಆಡಿಯ ಮೊದಮೊದಲ ಇಎ888 ಎಂಜಿನ್‌ಗಳ ಟೆನ್ಷನರ್, 2015ಕ್ಕೆ ಮುಂಚಿನ ಬಿಎಂಡಬ್ಲ್ಯೂ ಎನ್20 ಎಂಜಿನ್‌ನ ಪ್ಲಾಸ್ಟಿಕ್ ಚೈನ್ ಗೈಡ್ ಇದಕ್ಕೆ ಹೆಸರಾದವು. ಇಲ್ಲಿ ಕಾಯಬಾರದು. ಚೈನ್ ಹಲ್ಲು ಹಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಮೊದಲ ತಲೆಮಾರಿನ ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೋದಂಥ ಎಂಜಿನ್‌ಗಳಲ್ಲಿ ಚೈನ್ ಬದಲು ಟೈಮಿಂಗ್ ಬೆಲ್ಟ್ ಇದೆ. ಬೆಲ್ಟ್ ಸದ್ದು ಮಾಡದೆ ತುಂಡಾಗಬಹುದು. ಬದಲಿಸಿದ ದಾಖಲೆ ಕೈಯಲ್ಲಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ವಾಟರ್ ಪಂಪ್ ಸಮೇತ ಹಾಕಿಸಿ.

ಪೋರ್ಷೆ ಇದ್ದವರಿಗೆ ಐಎಂಎಸ್ ಬೇರಿಂಗ್, ಅಂದರೆ ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್, ಮುರಿದು ಎಂಜಿನ್ ಹಾಳಾಗುವ ಭಯ ಇದ್ದೇ ಇರುತ್ತದೆ. ವಿಷಯ ಇಷ್ಟು: 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್, ಕೇಮನ್ ಮತ್ತು ಟರ್ಬೋ, ಜಿಟಿ2, ಜಿಟಿ3 ಬಿಟ್ಟು ಉಳಿದ 996, 997 ಮಾದರಿಯ 911ಗಳ ಎಂ96, ಎಂ97 ಎಂಜಿನ್‌ಗಳಲ್ಲಿ ಈ ಬೇರಿಂಗ್ ಇದೆ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಕೊನೆಯ ವರ್ಷಗಳಲ್ಲಿ ದೊಡ್ಡ ಬೇರಿಂಗ್ ಬಂತು, ಅದು ಗಟ್ಟಿ. ಆದರೆ ಎಂಜಿನ್ ಪೂರ್ತಿ ಬಿಚ್ಚದೆ ಅದನ್ನು ಬದಲಿಸಲಾಗದು. ಮುಂಚಿನವನ್ನು ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗಲೇ ಬದಲಿಸಿದರೆ ಕೂಲಿ ಒಂದೇ ಸಲ ಬೀಳುತ್ತದೆ.

ಕಡಿಮೆ ಖರ್ಚಿನ ಪರೀಕ್ಷೆ ಒಂದಿದೆ, ನನಗೆ ತುಂಬ ನಂಬಿಕೆ ಇರುವುದು ಅದರ ಮೇಲೆ. ಪ್ರತಿ ಆಯಿಲ್ ಬದಲಾವಣೆಯಲ್ಲಿ ಹಳೆಯ ಫಿಲ್ಟರ್ ಎಸೆಯಬೇಡಿ. ಅದರ ಕಾಗದ ಕತ್ತರಿಸಿ ಹರಡಿ, ಬಿಸಿಲಲ್ಲಿ ಹಿಡಿದು ನೋಡಿ. ಹೊಳೆಯುವ ಚೂರು ಕಂಡರೆ ಆಯಸ್ಕಾಂತ ತೋರಿಸಿ. ಅಂಟಿದರೆ ಉಕ್ಕು, ಅಂದರೆ ಬೇರಿಂಗ್ ಅಥವಾ ಚೈನ್ ಕಡೆಯದು. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಅಂದರೆ ಪಿಸ್ಟನ್ ಅಥವಾ ಸಿಲಿಂಡರ್ ಗೋಡೆಯದು. ಚೂರುಗಳು ಕಂಡರೆ ಕಾರು ಓಡಿಸುವುದನ್ನು ನಿಲ್ಲಿಸಿ ಆ ಎಂಜಿನ್ ಬಿಚ್ಚಿ ಅನುಭವ ಇರುವವರನ್ನೇ ಕೇಳಿ. ಇದೇ ಪೋರ್ಷೆ ಎಂಜಿನ್‌ಗಳಲ್ಲಿ ಬಿಸಿಯಾದ ಮೇಲೂ ಒಂದೇ ಕಡೆ ಟಿಕ್ ಟಿಕ್, ಒಂದು ಸೈಲೆನ್ಸರ್ ಬಾಯಿ ಮಾತ್ರ ಮಸಿ, ಆಯಿಲ್ ಬೇಗ ಖಾಲಿ, ಈ ಮೂರೂ ಒಟ್ಟಿಗೆ ಬಂದರೆ ಸಿಲಿಂಡರ್ ಗೀರಿರಬಹುದು. ಬೋರೋಸ್ಕೋಪ್ (ಎಂಜಿನ್ ಒಳಗೆ ಇಳಿಸುವ ಸಣ್ಣ ಕ್ಯಾಮೆರಾ) ಹಾಕಿ ಕಣ್ಣಾರೆ ನೋಡಿದರೆ ಗೊತ್ತಾಗುತ್ತದೆ.

ಕೆಂಪು ಆಯಿಲ್ ಪ್ರೆಶರ್ ದೀಪ ಹೊತ್ತಿದರೆ ಯಾವ ಚರ್ಚೆಯೂ ಬೇಡ. ಸುರಕ್ಷಿತವಾಗಿ ಬದಿಗೆ ಹೋಗಿ ತಕ್ಷಣ ಎಂಜಿನ್ ಆರಿಸಿ.

ಎಳೆತ ಕಡಿಮೆ, ಜರ್ಕ್ ಹೊಡೆಯುತ್ತದೆ, ಚೆಕ್ ಎಂಜಿನ್ ದೀಪ ಬಂದಿದೆ

ಮಂಗಳೂರು ಅಥವಾ ಚೆನ್ನೈನಿಂದ ತಂದ ಟರ್ಬೋ ಇಲ್ಲದ ಕಾರು ಇಲ್ಲಿ ಸ್ವಲ್ಪ ಸಪ್ಪೆ ಅನ್ನಿಸಿದರೆ ಅದು ದೋಷವಲ್ಲ. ಈ ಎತ್ತರದಲ್ಲಿ ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ದೀಪ ಹೊತ್ತಿದ್ದರೆ ಸ್ಕ್ಯಾನರ್ ಜೋಡಿಸಿ ದೋಷದ ಕೋಡ್ ಓದಿ. ಪಿ0301ರಿಂದ ಶುರುವಾಗುವ ಸಾಲು ಯಾವ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದೆ, ಅಂದರೆ ಯಾವುದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ಹೇಳುತ್ತದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಆ ಸಿಲಿಂಡರಿನ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ ಭಾಗ) ತೆಗೆದು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ಹಾಕಿ. ಕೋಡ್ ಕಾಯಿಲ್ ಜತೆ ಸ್ಥಳ ಬದಲಿಸಿತೇ? ಹಾಗಾದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿಯಿತೇ? ಸ್ಪಾರ್ಕ್ ಪ್ಲಗ್ ಹೀಗೇ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಸಿಲಿಂಡರ್ ಒತ್ತಡ ಹಿಡಿಯುತ್ತಿದೆಯೇ ಎಂದು ನೋಡುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಟೆಸ್ಟ್. ಪ್ಲಗ್ ಗುಂಡಿಯಲ್ಲಿ ಆಯಿಲ್ ತುಂಬಿದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಬದಲಿಸದೆ ಹೊಸ ಕಾಯಿಲ್ ಹಾಕುವುದು ದುಡ್ಡು ದಂಡ.

ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದರ್ಥ. ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವವರು ಇದ್ದಾರೆ. ಅದು ಬರೀ ಸುದ್ದಿ ತಂದ ಭಾಗ, ಅಲ್ವಾ? ಸ್ಕ್ಯಾನರ್‌ನಲ್ಲಿ ಫ್ಯೂಯೆಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಹತ್ತು ಶೇಕಡಕ್ಕಿಂತ ಮೇಲಿದ್ದು 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆ. ಹೊಗೆ ತುಂಬಿಸಿ ನೋಡುವ ಸ್ಮೋಕ್ ಟೆಸ್ಟಿನಲ್ಲಿ ಜಾಗ ಸಿಗುತ್ತದೆ. ಐಡಲ್‌ನಲ್ಲಿ ಸರಿ ಇದ್ದು ಜೋರಾಗಿ ಎಳೆಸಿದಾಗ ಏರಿದರೆ ಫ್ಯೂಯೆಲ್ ಪಂಪ್, ಫಿಲ್ಟರ್ ಅಥವಾ ಏರ್ ಫ್ಲೋ ಸೆನ್ಸರ್. ಈಗ ಬಂಕುಗಳಲ್ಲಿ ಸಿಗುವ ಇ20 (ಶೇಕಡ 20 ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ಟ್ರಿಮ್ ಸ್ವಲ್ಪ ಪ್ಲಸ್ ಕಡೆ ಸರಿಯುವುದು ಸಹಜ, ಅದನ್ನೇ ದೋಷ ಎಂದುಕೊಳ್ಳಬೇಡಿ. ಆದರೆ ಎಥನಾಲ್‌ಗೆ ಎಂದು ಮಾಡದ ಹಳೆಯ ರಬ್ಬರ್ ಪೈಪ್, ಓ-ರಿಂಗ್‌ಗಳು ಗಟ್ಟಿಯಾಗಿ ಸೀಳಬಹುದು. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ.

ದೀಪ ಮಿನುಗುತ್ತಿದ್ದರೆ ಅರ್ಥ ಬೇರೆ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ. ಆಕ್ಸಿಲರೇಟರ್ ಬಿಟ್ಟು ಬದಿಗೆ ನಿಲ್ಲಿಸಿ, ಒಣಹುಲ್ಲಿನ ಮೇಲೆ ಮಾತ್ರ ಬೇಡ.

ವಾರ ನಿಂತ ಮೇಲೆ ಸ್ಟಾರ್ಟ್ ಆಗುವುದಿಲ್ಲ

ರಾತ್ರಿ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಇವೆರಡೂ ಸರಿ ಇದ್ದೂ ಬ್ಯಾಟರಿ ಇಳಿಯುತ್ತಿದ್ದರೆ, ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಎಷ್ಟು ಕರೆಂಟ್ ಎಳೆಯುತ್ತಿದೆ ನೋಡಿಸಿ. 50 ಮಿಲಿಆಂಪ್ ಮೀರಬಾರದು. ಬಿಎಂಡಬ್ಲ್ಯೂದಂಥ ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಕಂಪ್ಯೂಟರಿಗೆ ನೋಂದಾಯಿಸಬೇಕು.

ಇನ್ನು ಇಲಿ. ಬೇಸ್‌ಮೆಂಟ್ ಪಾರ್ಕಿಂಗಿನ ದೊಡ್ಡ ಶತ್ರು. ಸೆನ್ಸರ್‌ಗಳ ಕೋಡ್ ಒಟ್ಟಿಗೆ ನಾಲ್ಕೈದು ಬಂದರೆ ಮೊದಲು ಟಾರ್ಚ್ ಹಾಕಿ ಹಿಕ್ಕೆ, ಕಡಿದ ವೈರ್ ಹುಡುಕಿ.

ಸೈಲೆನ್ಸರ್‌ನಿಂದ ಹೊಗೆ

ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸೀಲ್, ಎಳೆಯುವಾಗ ಬಂದರೆ ರಿಂಗ್ ಅಥವಾ ಟರ್ಬೋ. ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲಂಟ್. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ. ಪೋರ್ಷೆಯ ಬಾಕ್ಸರ್ (ಸಿಲಿಂಡರ್‌ಗಳು ಅಡ್ಡ ಮಲಗಿದ) ಎಂಜಿನ್ ನಿಂತು ಸ್ಟಾರ್ಟ್ ಆದಾಗ ಒಂದು ಸಲ ಹೊಗೆ ಉಗುಳುವುದು ಸಾಮಾನ್ಯ. ಹಿಂದಿನ ಕಾರು ಕಾಣದಷ್ಟು ಬಂದರೆ ಎಂಜಿನ್ ಆವಿಯಿಂದ ಆಯಿಲ್ ಬೇರ್ಪಡಿಸುವ ಆಯಿಲ್ ಸೆಪರೇಟರ್ ಹರಿದಿದೆ. ಇದು ಎಂಜಿನ್ ಬಿಚ್ಚದೆ ಮುಗಿಯುವ ಕೆಲಸ. ಹೆದರಿ ಎಂಜಿನ್ ರೀಬಿಲ್ಡ್‌ಗೆ ಒಪ್ಪಬೇಡಿ.

ಹೊರಡುವಾಗ ನಡುಕ, ಗೇರ್ ಬೀಳಲು ತಡ

ಪೋಲೋ ಜಿಟಿ ಟಿಎಸ್‌ಐನ 7 ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಒಳಗೆ ಒಣ ಕ್ಲಚ್ ಇದೆ. ಅದನ್ನು ತಣ್ಣಗಾಗಿಸಲು ಆಯಿಲ್ ಇಲ್ಲ. ಔಟರ್ ರಿಂಗ್ ರಸ್ತೆಯಲ್ಲಿ ಅಡಿ ಅಡಿ ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತ ಬಿಸಿಯಾಗುತ್ತದೆ. ಮೊದಲ ಮದ್ದು ಓಡಿಸುವ ರೀತಿ: ಮುಂದೆ ಜಾಗ ಬಿಟ್ಟು, ಒಂದೇ ಸಲ ಹೋಗಿ, ನಿಂತಾಗ ಬ್ರೇಕ್ ಪೂರ್ತಿ ಒತ್ತಿ. ಬ್ರೇಕ್ ಒತ್ತಿದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆಮೇಲೆ ಅಡಾಪ್ಟೇಷನ್ (ಕ್ಲಚ್ ಹಿಡಿಯುವ ಜಾಗವನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವುದು) ಮಾಡಿಸಿ, ಅದಕ್ಕೂ ಬಗ್ಗದಿದ್ದರೆ ಕ್ಲಚ್ ಪ್ಯಾಕ್. ಗೇರ್ ಅಕ್ಷರ ಮಿನುಗಿ ಎಳೆತ ನಿಂತರೆ ಗೇರ್ ಬದಲಿಸುವುದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕದ ಕಡೆ ಅನುಮಾನ. ಓಡಿಸಬೇಡಿ.

6 ಗೇರಿನ ಒದ್ದೆ ಕ್ಲಚ್ ಡಿಎಸ್‌ಜಿಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು. ಹಳೆಯ ಆಯಿಲಿನಲ್ಲೇ ನಡುಕ ಬಂದಿದ್ದರೆ ಬೇರೆ ಏನನ್ನೂ ಮುಟ್ಟುವ ಮೊದಲು ಅದನ್ನು ಬದಲಿಸಿ ನೋಡಿ.

ಮ್ಯಾನ್ಯುಯಲ್ ಕಾರಿನಲ್ಲಿ ಖಾಲಿ ರಸ್ತೆಯಲ್ಲಿ 50ರ ವೇಗಕ್ಕೆ ನಾಲ್ಕನೇ ಗೇರ್ ಹಾಕಿ ಪೂರ್ತಿ ಒತ್ತಿ. ಆರ್‌ಪಿಎಂ ಹಾರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಹಂಪ್ ಮೇಲೆ ಟಕ್, ವೇಗದಲ್ಲಿ ಗುಂಯ್

ಮೊದಲು ಟೈರ್ ಗಾಳಿ, ಆಮೇಲೆ ಟೈರ್ ವಯಸ್ಸು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಅಂದರೆ 2019ರ 23ನೇ ವಾರ. ಕಡಿಮೆ ಓಡುವ ಕಾರಿನ ಟೈರ್ ಸವೆಯುವ ಮೊದಲೇ ಗಟ್ಟಿಯಾಗುತ್ತದೆ. ಆರು ವರ್ಷ ದಾಟಿದ ಟೈರಿನಲ್ಲಿ ವೇಗ ಹೋಗಬೇಡಿ. ಸಣ್ಣ ಹಳ್ಳದಲ್ಲೂ ಟಕ್ ಎಂದರೆ ಲಿಂಕ್ ರಾಡ್, ಬ್ರೇಕ್ ಹಾಕಿದಾಗ ಟಕ್ ಎಂದರೆ ಕಂಟ್ರೋಲ್ ಆರ್ಮ್ ಬುಷ್, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸದ್ದಾದರೆ ಸ್ಟ್ರಟ್ ಮೌಂಟ್. ಗುಂಯ್ ಸದ್ದು ಎಡಕ್ಕೋ ಬಲಕ್ಕೋ ತಿರುಗಿದಾಗ ಬದಲಾದರೆ ವೀಲ್ ಬೇರಿಂಗ್.

ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ

ನಂದಿ ಬೆಟ್ಟ ಇಳಿಯುವಾಗ ಹೀಗಾದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ತಾಳಬೇಕು, ನೀರು ಹೀರಿದ್ದಕ್ಕೆ ಆ ಮಿತಿ 155. ಎರಡು ವರ್ಷಕ್ಕೊಮ್ಮೆ ಬದಲಿಸಿ, ಕಡಿಮೆ ಗೇರಿನಲ್ಲಿ ಇಳಿಯಿರಿ. ಊರಿನ ಓಡಾಟದಲ್ಲೇ ಪೆಡಲ್ ಕೆಳಗಿಳಿದರೆ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.

ಕಾರ್ಪೆಟ್ ಒದ್ದೆ, ಆಮೇಲೆ ಎಲೆಕ್ಟ್ರಿಕಲ್ ತರಲೆ

ತೆರೆಯುವ ಮಾಡಿನ ಕಾರುಗಳಲ್ಲಿ ನೀರು ಇಳಿಯುವ ಸಣ್ಣ ಕೊಳವೆಗಳು ಎಲೆಯಿಂದ ಕಟ್ಟಿಕೊಳ್ಳುತ್ತವೆ. ಮೊದಲ ಬಾಕ್ಸ್‌ಸ್ಟರ್‌ನಲ್ಲಿ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ) ಘಟಕ ಸೀಟಿನಡಿ ನೆಲದ ಮೇಲೇ ಇದೆ. ಅದು ನೆನೆದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಮೇ ತಿಂಗಳ ಮಳೆಗೆ ಮುಂಚೆ ಕೊಳವೆಗೆ ಒಂದು ಲೋಟ ನೀರು ಹಾಕಿ, ಚಕ್ರದ ಹತ್ತಿರ ಕೆಳಗೆ ಸುರಿಯುತ್ತದೆಯೇ ನೋಡಿ. ಕಟ್ಟಿದ್ದರೆ ಮೆತ್ತನೆಯ ನೈಲಾನ್ ತಂತಿ ಹಾಕಿ ಬಿಡಿಸಿ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟೊಂದು ದುಬಾರಿ ಕಾರುಗಳು ಮುಳುಗಿದವು, ನೆನಪಿದೆಯಲ್ವಾ? ನೀರಲ್ಲಿ ನಿಂತ ಎಂಜಿನ್ ಅನ್ನು ಮತ್ತೆ ಕ್ರ್ಯಾಂಕ್ ಮಾಡಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಅದು ಒತ್ತಿದರೂ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಡರ್‌ಪಾಸಿನಲ್ಲಿ ನೀರು ಕಂಡರೆ ಇಳಿಯಲೇಬೇಡಿ. ಇದು ಕಾರಿಗಿಂತ ನಿಮ್ಮ ಜೀವದ ಪ್ರಶ್ನೆ.

ಟೋ ಮಾಡಿಸಬೇಕಾದಾಗ

ಫ್ಲಾಟ್‌ಬೆಡ್ (ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಲಾರಿ) ಬೇಕು ಎಂದು ಫೋನಿನಲ್ಲೇ ಹೇಳಿ. ಎರಡೇ ಚಕ್ರ ಎತ್ತಿ ಎಳೆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳ ಗೇರ್‌ಬಾಕ್ಸ್ ಹಾಳಾಗುತ್ತದೆ. ಮೂತಿ ತಗ್ಗಿರುವುದರಿಂದ ಇಳಿಜಾರಿಗೆ ಇಡಲು ಎರಡು ಹಲಗೆ ತರಲು ಹೇಳಿ. ಟೋ ಹುಕ್ ಬೂಟಿನ ಟೂಲ್ ಕಿಟ್‌ನಲ್ಲಿ ಇರುತ್ತದೆ. ಹಲವು ಜರ್ಮನ್ ಕಾರುಗಳಲ್ಲಿ ಅದರ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬೇಕಾಗುವ ಮೊದಲೇ ಒಂದು ಭಾನುವಾರ ಹುಕ್ ಇದೆಯೇ ನೋಡಿ, ಒಮ್ಮೆ ಹಾಕಿ ತೆಗೆದು ಇಡಿ.